ಡಿಪ್ಲೊಮಾ ಮಾಡಿ ಬಂದವರು ರೋಬಾಟಿಕ್ಸ್ ಪ್ರೊಫೆಸರ್ ಆಗಬಹುದಾ? ಅದಕ್ಕೆ ವಿದೇಶಕ್ಕೆ ಹೋಗಲೇಬೇಕಾ?

ನೀವು ಹುಬ್ಬಳ್ಳಿಯಲ್ಲಿ ಮೆಕ್ಯಾನಿಕಲ್ ಇಂಜಿನಿಯರಿಂಗ್ ಕೊನೇ ವರ್ಷ. ಅದಕ್ಕೂ ಮುಂಚೆ ಡಿಪ್ಲೊಮಾ. ‘ಆ ಮೂರು ವರ್ಷ ದಂಡ ಆಯ್ತು’ ಅಂತ ಬರೆದಿದ್ದೀರಿ. ಇದೇ ಕೊರಗು ನನಗೂ ಇತ್ತು. ಈಗ ಇದೇ ಅವಳಿ ನಗರದ ಒಂದು ಇಂಜಿನಿಯರಿಂಗ್ ಕಾಲೇಜಿನಲ್ಲಿ ರೋಬಾಟಿಕ್ಸ್ ಕಲಿಸುತ್ತೇನೆ.

ನಾನು ಹಾವೇರಿ ಕಡೆಯವನು. ಡಿಪ್ಲೊಮಾ ಮುಗಿದ ಮೇಲೆ ಗೋಕುಲ ರೋಡಿನ ಇಂಡಸ್ಟ್ರಿಯಲ್ ಎಸ್ಟೇಟಿನಲ್ಲಿ ಲೋಹ ಕಡೆಯುವ ಲೇತ್ ಯಂತ್ರದ ಮುಂದೆ ಕೆಲಸಕ್ಕೆ ನಿಂತೆ. ಅಲ್ಲೊಬ್ಬ ಹಿರಿಯ ಟರ್ನರ್, ಅಂದರೆ ಲೇತ್ ನಡೆಸುವವರು, ಇದ್ದರು. ಟೂಲನ್ನು ಹಿಂದೆ ಮುಂದೆ ಸರಿಸುವ ಕ್ರಾಸ್ ಸ್ಲೈಡಿನ ಹ್ಯಾಂಡಲ್ ಬೇಕಾದ ಗೆರೆ ದಾಟಿದಾಗ ನಾನು ಅಷ್ಟೇ ಹಿಂದಕ್ಕೆ ತಿರುಗಿಸಿದೆ. ಅವರು ಕೈ ಹಿಡಿದರು. “ತಮ್ಮಾ, ಹಂಗ ಮಾಡಬ್ಯಾಡ. ಪೂರಾ ಹಿಂದ ಒಯ್ದು, ಮತ್ತ ಮುಂದ ತಗೊಂಡು ಬಾ. ಸ್ಕ್ರೂದಾಗ ಪ್ಲೇ ಇರತೈತಿ.” ಅಂದರೆ ಸ್ಕ್ರೂ ಮತ್ತು ನಟ್ ನಡುವೆ ಕೂದಲೆಳೆಯಷ್ಟು ಸಂದು. ಹ್ಯಾಂಡಲ್ ತಿರುಗಿರುತ್ತದೆ, ಟೂಲ್ ಕದಲಿರುವುದಿಲ್ಲ.

ಆಮೇಲೆ ಲ್ಯಾಟರಲ್ ಎಂಟ್ರಿ (ಡಿಪ್ಲೊಮಾದವರಿಗೆ ಬಿ.ಇ. ಎರಡನೇ ವರ್ಷಕ್ಕೆ ನೇರ ಪ್ರವೇಶ), ಎಂ.ಟೆಕ್ ಪ್ರವೇಶಕ್ಕೆ ಗೇಟ್ ಪರೀಕ್ಷೆ, ಎಂ.ಟೆಕ್, ಪಿಎಚ್.ಡಿ. ಅದೆಲ್ಲ ಎಲ್ಲರದ್ದೂ ಒಂದೇ ಥರ, ಬಿಡಿ. ಆದರೆ ಲೇತ್ ಕೆಲಸದ ಸುದ್ದಿಯನ್ನು ನಾನು ಯಾರಿಗೂ ಹೇಳುತ್ತಿರಲಿಲ್ಲ. ನಾಚಿಕೆ. ಜೊತೆಗಿದ್ದವರೆಲ್ಲ ದೊಡ್ಡ ದೊಡ್ಡ ಕಾಲೇಜಿನವರು. ನಾನೂ ಗಣಿತದವನು ಅಂತ ತೋರಿಸಿಕೊಳ್ಳಬೇಕಿತ್ತು.

ತಪ್ಪು ಆಗಿದ್ದು ಇಲ್ಲೇ. ಸ್ವಲ್ಪ ಬಿಡಿಸಿ ಹೇಳುತ್ತೇನೆ, ಯಾಕೆಂದರೆ ಇದನ್ನು ಪಠ್ಯದಲ್ಲಿ ಎರಡು ಸಾಲಿನಲ್ಲಿ ಮುಗಿಸುತ್ತಾರೆ. ಲ್ಯಾಬಿನಲ್ಲಿ ನಾನೇ ಒಂದು ರೋಬಾಟ್ ತೋಳು ಕಟ್ಟಿದೆ. ಪ್ರತಿ ಜಾಯಿಂಟಿಗೂ ಮೋಟರ್, ಅದಕ್ಕೆ, ಮೋಟರ್ 50 ಸುತ್ತು ತಿರುಗಿದರೆ ಜಾಯಿಂಟ್ ಒಂದೇ ಸುತ್ತು ತಿರುಗುವ ಹಾಗೆ, 50ಕ್ಕೆ 1ರ ಗೇರ್‌ಬಾಕ್ಸ್. ಶಾಫ್ಟ್ ಎಷ್ಟು ತಿರುಗಿತು ಅಂತ ಎಣಿಸುವ ಎನ್‌ಕೋಡರನ್ನು ಎಲ್ಲಿ ಕೂರಿಸಬೇಕು ಅನ್ನುವುದು ಪ್ರಶ್ನೆ. ಮೋಟರಿನ ಬೆನ್ನಿಗೆ ಕೂರಿಸಿದರೆ ಲೆಕ್ಕ ಬಲು ಚೆಂದ. ಮೋಟರಿನ ಒಂದು ಸುತ್ತಿಗೆ 2,000 ಎಣಿಕೆ ಅಂದರೆ ಜಾಯಿಂಟಿನ ಒಂದು ಸುತ್ತಿಗೆ 1,00,000. ಕಾಗದದ ಮೇಲೆ 0.0036 ಡಿಗ್ರಿ ನಿಖರತೆ! ನಾನು ಹಿಗ್ಗಿಹೋದೆ. ಗೇರಿನ ಹಲ್ಲುಗಳ ನಡುವಿನ ಸಂದು ಲೆಕ್ಕದಲ್ಲೇ ಇರಲಿಲ್ಲ. ಅದು ಅರ್ಧ ಡಿಗ್ರಿ ಇದ್ದರೂ ಸಾಕು, 40 ಸೆಂ.ಮೀ. ತೋಳಿನ ತುದಿ ಮೂರೂವರೆ ಮಿ.ಮೀ. ಆಚೀಚೆ ಆಡುತ್ತದೆ.

ಅಷ್ಟು ದಿನ ಗೊತ್ತಾಗಲಿಲ್ಲವಾ ಅಂತ ಕೇಳಬಹುದು. ನಾನು ಟೆಸ್ಟ್ ಮಾಡುತ್ತಿದ್ದದ್ದು ಭುಜದ ಜಾಯಿಂಟ್ ಮೇಲೆ. ತೋಳಿನ ಭಾರ ಯಾವಾಗಲೂ ಕೆಳಕ್ಕೇ ಎಳೆಯುತ್ತದೆ. ಹಾಗಾಗಿ ಹಲ್ಲುಗಳು ಒಂದೇ ಕಡೆಗೆ ಒತ್ತಿಕೊಂಡಿರುತ್ತವೆ, ಸಂದು ಕಾಣುವುದೇ ಇಲ್ಲ. ಬುಡದ ಜಾಯಿಂಟ್ ಹಾಗಲ್ಲ. ಅದು ಅಡ್ಡಕ್ಕೆ ತಿರುಗುತ್ತದೆ, ಭಾರದ ಎಳೆತ ಅಲ್ಲಿ ಕೆಲಸಕ್ಕೆ ಬಾರದು. ಒಂದು ದಿನ ಪಕ್ಕದ ಲ್ಯಾಬಿನವನೊಬ್ಬ ಮಾತಾಡುತ್ತಾ ತೋಳಿನ ತುದಿ ಹಿಡಿದು ಸುಮ್ನೆ ಅಡ್ಡಕ್ಕೆ ಅಲ್ಲಾಡಿಸಿದ. ತುದಿ ಅಲ್ಲಾಡಿತು. ಸ್ಕ್ರೀನ್ ಮೇಲಿನ ನಂಬರ್ ಅಲ್ಲಾಡಲಿಲ್ಲ.

ಸುಮಾರು ಒಂದು ವರ್ಷದ ಡೇಟಾ ಕಸ. ಎನ್‌ಕೋಡರನ್ನು ಜಾಯಿಂಟಿನ ಕಡೆಗೆ ಹಾಕಿದೆ. ಆಗ, ಸಂದಿನಲ್ಲಿ ಮೋಟರ್ ತಿರುಗಿದರೂ ಜಾಯಿಂಟ್ ಕದಲದ ಕಾರಣ, ತೋಳು ಗುರಿ ಹತ್ತಿರ ಬಂದು ಆಚೆ ಈಚೆ ನಡುಗತೊಡಗಿತು, ನಿಲ್ಲಲೇ ಇಲ್ಲ. ಕೊನೆಗೆ ಎರಡೂ ಕಡೆ ಹಾಕಿದೆ. ವೇಗ ಅಳೆಯುವುದು ಮೋಟರಿನಿಂದ, ಜಾಗ ಅಳೆಯುವುದು ಜಾಯಿಂಟಿನಿಂದ. ಅಷ್ಟರಲ್ಲಿ ಫೆಲೋಶಿಪ್ ಅವಧಿ ಮುಗಿದಿತ್ತು, ಮನೆಯಿಂದ ದುಡ್ಡು ತರಿಸಿಕೊಂಡೆ. ಕಣ್ಣಿಟ್ಟಿದ್ದ ಒಂದು ಖಾಯಂ ಹುದ್ದೆಗೆ ಅರ್ಜಿ ಹಾಕುವ ಹೊತ್ತಿಗೆ ಡಿಗ್ರಿ ಕೈಗೆ ಬಂದಿರಲಿಲ್ಲ. ಗೋಕುಲ ರೋಡಿನಲ್ಲಿ ಹತ್ತನೇ ಕ್ಲಾಸ್ ಓದಿದವರು ಹೇಳಿಕೊಟ್ಟಿದ್ದನ್ನು ನೆನಪಿಟ್ಟುಕೊಂಡಿದ್ದರೆ ಇಷ್ಟೆಲ್ಲ ಆಗುತ್ತಿರಲಿಲ್ಲ.

ಹಾಗಾಗಿ ‘ಡಿಪ್ಲೊಮಾ ದಂಡ’ ಅನ್ನುವ ಮಾತನ್ನೇ ನಾನು ಒಪ್ಪುವುದಿಲ್ಲ. ಅರ್ಜಿಯಲ್ಲಿ ಅದನ್ನು ಮುಚ್ಚಿಡಬೇಡಿ, ಮೊದಲ ಪ್ಯಾರಾದಲ್ಲೇ ಬರೆಯಿರಿ. ಇಂಟರ್‌ವ್ಯೂಗೆ ಬರುವ ಹುಡುಗರಲ್ಲಿ ಇನ್ವರ್ಸ್ ಕೈನೆಮ್ಯಾಟಿಕ್ಸ್ (ತೋಳಿನ ತುದಿ ಒಂದು ಜಾಗ ತಲುಪಲು ಪ್ರತಿ ಜಾಯಿಂಟ್ ಎಷ್ಟು ತಿರುಗಬೇಕು ಅನ್ನುವ ಲೆಕ್ಕ) ಬಾಯಿಪಾಠ ಇರುವವರು ಬೇಕಾದಷ್ಟು ಜನ. ಬೇರಿಂಗ್ ಕೂರಿಸಲು ಬರುವವರು ಕಡಿಮೆ.

ವಿದೇಶವಾ, ಇಲ್ಲೇನಾ? ಈ ಪ್ರಶ್ನೆಗೆ ಅಷ್ಟು ತಲೆ ಕೆಡಿಸಿಕೊಳ್ಳಬೇಡಿ. ನಾನು ಓದುವಾಗ ಧಾರವಾಡದಲ್ಲಿ ಐಐಟಿ ಇರಲಿಲ್ಲ, ಅದು ಶುರುವಾಗಿದ್ದೇ 2016ರಲ್ಲಿ. ವಿದ್ಯಾನಗರದ ಕೆಎಲ್‌ಇ ಟೆಕ್‌ನಲ್ಲಿ ಈಗ ಆಟೊಮೇಷನ್ ಅಂಡ್ ರೋಬಾಟಿಕ್ಸ್ ಅಂತಲೇ ಬಿ.ಇ. ಇದೆ. ಐಐಟಿಯಂಥ ಕಡೆ ಪಿಎಚ್.ಡಿ. ಸೇರಿದರೆ ಫೆಲೋಶಿಪ್ 2023ರಿಂದ ಮೊದಲ ಎರಡು ವರ್ಷ ತಿಂಗಳಿಗೆ 37,000, ಆಮೇಲೆ 42,000 ರೂಪಾಯಿ. ಮನೆಗೆ ಭಾರ ಆಗುವುದಿಲ್ಲ. ವಿದೇಶದಲ್ಲಿ ಪೂರ್ತಿ ಫಂಡಿಂಗ್ ಸಿಕ್ಕರೆ ಹೋಗಿ, ಸಾಲ ಮಾಡಿ ಮಾತ್ರ ಬೇಡ.

ಇನ್ನೊಂದು. ಪ್ರೊಫೆಸರ್ ಆದರೆ ಇಡೀ ದಿನ ರೋಬಾಟ್ ಜೊತೆ ಇರುತ್ತೀರಿ ಅಂದುಕೊಂಡಿದ್ದರೆ ಆ ಆಸೆ ಬಿಡಿ. ಎನ್‌ಬಿಎ (ಕೋರ್ಸುಗಳಿಗೆ ಮಾನ್ಯತೆ ಕೊಡುವ ಮಂಡಳಿ) ತಂಡ ಪರಿಶೀಲನೆಗೆ ಬರುವ ವರ್ಷ ನಾನು ಸ್ಕ್ರೂಡ್ರೈವರ್ ಮುಟ್ಟಿದ್ದಕ್ಕಿಂತ ಕೋರ್ಸ್ ಫೈಲ್ ಮುಟ್ಟಿದ್ದೇ ಜಾಸ್ತಿ.

ಪಿಎಚ್.ಡಿ.ಗೆ ಲ್ಯಾಬ್ ನೋಡಲು ಹೋದಾಗ ಗೈಡ್ ಹತ್ತಿರ ಮಾತ್ರ ಮಾತಾಡಿ ಬರಬೇಡಿ. ಅಲ್ಲಿ ಮೂರು ನಾಲ್ಕು ವರ್ಷದಿಂದ ಇರುವ ಹುಡುಗರನ್ನು ಚಹಾಕ್ಕೆ ಕರೆದುಕೊಂಡು ಹೋಗಿ ಕೇಳಿ: ಗೇರ್‌ಬಾಕ್ಸ್ ಹೋದರೆ ಹೊಸದು ಬರಲು ಎಷ್ಟು ದಿನ? ಹಾರ್ಡ್‌ವೇರನ್ನು ನಾವೇ ಬಿಚ್ಚಲು ಬಿಡುತ್ತಾರಾ? ಪರ್ಚೇಸ್ ಫೈಲ್ ಆರು ತಿಂಗಳು ಮೇಜಿನಿಂದ ಮೇಜಿಗೆ ಓಡಾಡುತ್ತದೆ ಅಂದರೆ, ಆ ಸಂಸ್ಥೆ ಎಷ್ಟೇ ದೊಡ್ಡದಿರಲಿ, ಬೇರೆ ಲ್ಯಾಬ್ ಹುಡುಕಿ.