‘ಲೋರೆಲೈ’ ಜನಪದ ಗೀತೆಯೇ?

ಪ್ರಶ್ನೆ: ಧಾರವಾಡದ ಜರ್ಮನ್ ಭಾಷಾ ತರಗತಿಯಲ್ಲಿ ನಮಗೆ ‘ಲೋರೆಲೈ’ ಎಂಬ ಹಾಡನ್ನು ಕಲಿಸಿದರು. ಅದು ಜನಪದ ಗೀತೆಯೆಂದು ಗುರುಗಳು ಹೇಳಿದರು. ಹಾಡಿನ ಹಾಳೆಯಲ್ಲಿ ಮಾತ್ರ ‘ಸಂಗೀತ: ಸಿಲ್ಷರ್’ ಎಂದು ಅಚ್ಚಾಗಿದೆ. ಯಾವುದು ಸರಿ? ಈ ಸಿಲ್ಷರ್ ಅವರಿಗೂ ನಮ್ಮ ಭಾಗದ ಬಾಸೆಲ್ ಮಿಶನ್ ಚರ್ಚುಗಳ ಗಾಯನಕ್ಕೂ ನಂಟುಂಟೇ? ಗಂಡಸರೇ ಇರುವ ನಮ್ಮ ತಂಡ ಇದನ್ನು ಹಾಡಬಹುದೇ?
— ಓದುಗರೊಬ್ಬರು, ಬೆಟಗೇರಿ

ಉತ್ತರ: ಹಾಳೆಯಲ್ಲಿರುವುದೇ ಸರಿ. ಆದರೆ ನಿಮ್ಮ ಗುರುಗಳ ಮಾತನ್ನು ಕೇಳಿದ್ದರೆ ಸಿಲ್ಷರ್ ಅವರು ಬೇಸರಪಡುತ್ತಿರಲಿಲ್ಲ, ಬಹುಶಃ ಹಿಗ್ಗುತ್ತಿದ್ದರು.

ಫ್ರೀಡ್ರಿಖ್ ಸಿಲ್ಷರ್ 1789ರಲ್ಲಿ ವುರ್ಟೆಂಬರ್ಗ್ ಪ್ರಾಂತದ ಶ್ನೈಟ್ ಎಂಬ ಹಳ್ಳಿಯಲ್ಲಿ ಶಾಲಾ ಮಾಸ್ತರರ ಮಗನಾಗಿ ಹುಟ್ಟಿದರು. ತಾವೂ ಮಾಸ್ತರಿಕೆಗೇ ತರಬೇತಿ ಪಡೆದು, ಬಳಿಕ ಸಂಗೀತಕ್ಕೆ ಒಲಿದು, 1817ರಲ್ಲಿ ಟ್ಯೂಬಿಂಗನ್ ವಿಶ್ವವಿದ್ಯಾಲಯದ ಮೊದಲ ಸಂಗೀತ ನಿರ್ದೇಶಕರಾದರು. 1860ರಲ್ಲಿ ಅದೇ ಊರಿನಲ್ಲಿ ತೀರಿಕೊಂಡರು. 1829ರಲ್ಲಿ ಅಲ್ಲಿ ಅವರು ಕಟ್ಟಿದ ‘ಲೀಡರ್‌ಟಾಫೆಲ್’ ಎಂಬ ಪುರುಷರ ಗಾಯನ ಸಂಘವನ್ನು ಕೊನೆಯವರೆಗೂ ತಾವೇ ನಡೆಸಿದರು. ಸಂಗೀತವು ಆಸ್ಥಾನದ ಸೊತ್ತಲ್ಲ, ಸಾಮಾನ್ಯ ಜನರೂ ಕೂಡಿ ಹಾಡಬೇಕೆಂಬ ಹಂಬಲವನ್ನು ಅವರು ಸ್ವಿಟ್ಜರ್ಲೆಂಡಿನ ಶಿಕ್ಷಣತಜ್ಞ ಪೆಸ್ಟಲೋಜಿ ಮತ್ತು ಸಂಗೀತಗಾರ ನೇಗೆಲಿ ಅವರ ವಿಚಾರಗಳಿಂದ ಪಡೆದಿದ್ದರು.

ಅವರ ಕೆಲಸದಲ್ಲಿ ಸಂಗ್ರಹ ಎಲ್ಲಿ ಮುಗಿದು ಸ್ವಂತ ರಚನೆ ಎಲ್ಲಿ ಮೊದಲಾಗುತ್ತದೆಂದು ಗೆರೆ ಎಳೆಯುವುದು ಕಷ್ಟ. ‘ಮುಸ್ ಇ ಡೆನ್’ ಎಂಬ ವಿದಾಯದ ಹಾಡನ್ನೇ ನೋಡಿ: ರಾಗವೂ ಮೊದಲ ನುಡಿಯೂ ಜನಪದದವು, ಮುಂದಿನ ನುಡಿಗಳನ್ನು ಹೈನ್ರಿಖ್ ವಾಗ್ನರ್ ಎಂಬವರು ಬರೆದರು, ಒಟ್ಟಿಗೇ ಬೇರೆಬೇರೆ ಸ್ವರಸಾಲು ಹಾಡುವ ನಾಲ್ಕು ಧ್ವನಿಗೆ ಹೊಂದಿಸಿ 1827ರಲ್ಲಿ ಪ್ರಕಟಿಸಿದವರು ಸಿಲ್ಷರ್. ‘ಲೋರೆಲೈ’ಯ ಸಂಗತಿ ಬೇರೆ. ರೈನ್ ನದಿಯ ಬಂಡೆಯ ಮೇಲೆ ಕುಳಿತು ತಲೆ ಬಾಚುತ್ತ ಹಾಡಿ ಅಂಬಿಗರನ್ನು ಮರುಳುಗೊಳಿಸುವ ಹೆಣ್ಣಿನ ಕುರಿತ ಆ ಕವಿತೆ ಜರ್ಮನ್ ಕವಿ ಹೈನೆಯವರದು, 1824ರದು. ಸುಮಾರು 1837ರಲ್ಲಿ ಅದಕ್ಕೆ ಕೂಡಿಸಿದ ರಾಗ ಪೂರ್ತಿ ಸಿಲ್ಷರರದೇ. ಲಿಸ್ಟ್ ಮತ್ತು ಕ್ಲಾರಾ ಶೂಮನ್ ಕೂಡ ಇದೇ ಕವಿತೆಗೆ ಸಂಗೀತ ಹೊಂದಿಸಿದರು. ಅವು ಇನ್ನೂ ಘನವಾದ ರಚನೆಗಳೆಂದೇ ನನ್ನ ಎಣಿಕೆ, ಆದರೆ ಜನರ ನಾಲಿಗೆಯ ಮೇಲೆ ನಿಂತದ್ದು ಪಂಚಮದಿಂದ ಹೊರಟು ಮೇಲಿನ ಷಡ್ಜವನ್ನು ಮುಟ್ಟಿ ಮೆಲ್ಲನೆ ಇಳಿಯುವ ಈ ಸರಳ ರಾಗ. ಕವಿಯ ಹೆಸರರಿಯದವರೂ ಬೇಂದ್ರೆಯವರ ಪದಗಳನ್ನು ಹಾಡಿಕೊಳ್ಳುವುದಿಲ್ಲವೇ, ಹಾಗೆ.

ಜನಪ್ರಿಯತೆಗೆ ಇನ್ನೊಂದು ಮುಖವೂ ಇತ್ತು. ಉಹ್ಲಾಂಡರ ಕವಿತೆಗೆ ಅವರು 1825ರಲ್ಲಿ ಹೊಂದಿಸಿದ ‘ಒಳ್ಳೆಯ ಒಡನಾಡಿ’ ಹಾಡು ಜರ್ಮನ್ ಸೈನಿಕರ ಅಂತ್ಯಕ್ರಿಯೆಯ ಹಾಡಾಯಿತು. ನಾಜಿ ಆಡಳಿತವು 1941ರಲ್ಲಿ ಟ್ಯೂಬಿಂಗನ್‌ನಲ್ಲಿ ನಿಲ್ಲಿಸಿದ ಅವರ ಪ್ರತಿಮೆಯ ಬೆನ್ನಿಗೆ ಸೈನಿಕರ ಆಕೃತಿಗಳನ್ನೇ ಕೆತ್ತಿಸಿತು. ಸತ್ತು ಎಂಬತ್ತು ವರ್ಷವಾದ ಮೇಲೆ ಕಟ್ಟಿದ ಆ ಹೊರೆಗೆ ಅವರನ್ನು ದೂರುವಂತಿಲ್ಲ.

ಬಾಸೆಲ್ ಮಿಶನ್ನಿನ ಕುರಿತು ಎಚ್ಚರದಿಂದ ಹೇಳಬೇಕು. ಮಿಶನ್ ಧಾರವಾಡಕ್ಕೆ 1837ರಲ್ಲಿ, ಹುಬ್ಬಳ್ಳಿಗೆ 1839ರಲ್ಲಿ, ನಿಮ್ಮ ಬೆಟಗೇರಿಗೆ 1841ರಲ್ಲಿ ಬಂತು. ‘ಮಂಗಳೂರ ಸಮಾಚಾರ’ ಪತ್ರಿಕೆ ಹೊರಡಿಸಿದ, ಇದೇ ಮಿಶನ್ನಿನ ಮೊಗ್ಲಿಂಗ್ ಓದಿದ್ದು ಟ್ಯೂಬಿಂಗನ್‌ನಲ್ಲೇ, ಅದೂ ಸಿಲ್ಷರ್ ಅಲ್ಲಿ ಸಂಗೀತ ಕಲಿಸುತ್ತಿದ್ದ ಕಾಲದಲ್ಲಿ. ಚರ್ಚಿನಲ್ಲಿ ಸಭೆಯೆಲ್ಲ ನಾಲ್ಕು ಧ್ವನಿಯಲ್ಲಿ ಹಾಡಬೇಕೆಂದು ಸಿಲ್ಷರ್ ಶ್ರಮಿಸಿದ್ದೂ ನಿಜ. ಇಬ್ಬರಿಗೂ ನೆಲ ಒಂದೇ ಎನ್ನಬಹುದು; ಇಲ್ಲಿನ ಗಾಯನ ಅವರಿಂದಲೇ ಬಂತೆಂದು ಅಷ್ಟರಿಂದ ಹೇಳಲಾಗದು.

ನಿಮ್ಮ ತಂಡ ಧಾರಾಳವಾಗಿ ಹಾಡಬಹುದು. ಪುರುಷರ ತಂಡಕ್ಕೆ ಹೊಂದಿಸಿದ ಪಾಠದಲ್ಲಿ ಇಬ್ಬಗೆಯ ಟೆನರ್ (ಗಂಡಸರ ಎತ್ತರದ ಧ್ವನಿ), ಇಬ್ಬಗೆಯ ಬಾಸ್ (ತಗ್ಗಿನ ಧ್ವನಿ) ಇರುತ್ತವೆ. ಮುಖ್ಯ ರಾಗ ಮೊದಲ ಟೆನರಿನದು. ಲಯ ಆರು ಮಾತ್ರೆಯದಾದ್ದರಿಂದ ದಾದರಾ ಬಲ್ಲವರಿಗೆ ತೊಡಕಿಲ್ಲ. ತೊಡಕಾಗುವುದು ಎರಡನೆಯ ಟೆನರಿನವರಿಗೆ: ಒಂದೇ ರಾಗವನ್ನು ಎಲ್ಲರೂ ಕೂಡಿ ಹಾಡುವ ಭಜನೆಯ ರೂಢಿಯಿಂದ ಅವರು ತಿಳಿಯದೆಯೇ ಮೊದಲ ಟೆನರಿನ ರಾಗಕ್ಕೆ ಜಾರಿಬಿಡುತ್ತಾರೆ. ಆದ್ದರಿಂದ ಒಂದೊಂದು ಧ್ವನಿಯವರನ್ನೂ ಮೊದಲು ಬೇರೆಬೇರೆಯಾಗಿ ಕೂಡಿಸಿ ಅಭ್ಯಾಸ ಮಾಡಿಸಿ, ಹಾರ್ಮೋನಿಯಂನಲ್ಲಿ ಶುರುವಿನ ಸ್ವರಗಳನ್ನಷ್ಟೇ ಕೊಟ್ಟು ನಿಲ್ಲಿಸಿರಿ.