ಜಪಾನಿನಲ್ಲಿ ಹುಟ್ಟಿದ ಮಗು: ಪಾಸ್‌ಪೋರ್ಟಿಗಾಗಿ ಕಾಯಬೇಡಿ

ಪ್ರಶ್ನೆ: ನಾವು ಟೋಕಿಯೋದಲ್ಲಿದ್ದೇವೆ. ನನ್ನದು ಕೆಲಸದ ವೀಸಾ, ಹೆಂಡತಿಯದು ಡಿಪೆಂಡೆಂಟ್. ಮಗಳು ಹುಟ್ಟಿ ಐದು ದಿನವಾಯಿತು. ಹೆಸರಿಗೆ ಅವಸರ ಬೇಡ ಎನ್ನುತ್ತಾರೆ ಊರಿನಲ್ಲಿ ಅಪ್ಪ ಅಮ್ಮ. ಮೊದಲು ಭಾರತದ ಪಾಸ್‌ಪೋರ್ಟೋ, ಇಲ್ಲಿನ ವೀಸಾವೋ?

ಉತ್ತರ: ಎರಡಕ್ಕೂ ಮೊದಲು ವಾರ್ಡ್ ಕಚೇರಿಯಲ್ಲಿ ಜನನ ನೋಂದಣಿ. ಗಡುವು 14 ದಿನ. ಹುಟ್ಟಿದ ದಿನವೂ ಲೆಕ್ಕಕ್ಕೆ ಸೇರುತ್ತದೆ. 1ನೇ ತಾರೀಖು ಹುಟ್ಟಿದ ಮಗುವಿಗೆ 14 ಕೊನೆಯ ದಿನ. ಹನ್ನೆರಡನೇ ದಿನ ತೊಟ್ಟಿಲಿಗೆ ಹಾಕುವ ಪದ್ಧತಿಯಿದ್ದರೆ ತೊಂದರೆಯಿಲ್ಲ. ಇಲ್ಲದಿದ್ದರೆ ಶಾಸ್ತ್ರ ಆಮೇಲೆ ಮಾಡಿ, ಹೆಸರು ಈಗಲೇ ನಿರ್ಧರಿಸಿ.

ಅರ್ಜಿಯ ಬಲ ಅರ್ಧವನ್ನು ವೈದ್ಯರು ಅಥವಾ ಸೂಲಗಿತ್ತಿ ತುಂಬಿಕೊಡುತ್ತಾರೆ, ಎಡ ಅರ್ಧ ನಿಮ್ಮದು. ಬೋಶಿ ತೆಚೋ (ತಾಯಿ-ಮಗುವಿನ ಪುಸ್ತಕ) ಜೊತೆಗಿರಲಿ. ಹೆಸರನ್ನು ಕತಕಾನ ಲಿಪಿಯಲ್ಲಿ ಬರೆಯಬೇಕು. ಎಡವುವುದು ಇಲ್ಲೇ. ಜಪಾನಿಯಲ್ಲಿ ಲ, ರ ಬೇರೆಯಿಲ್ಲ. ‘ಲೀಲಾ’ ಎಂದು ಬರೆಸಿದ್ದನ್ನು ಅವರು ‘ರೀರಾ’ ಎಂದೇ ಓದುತ್ತಾರೆ. ಅದಿರಲಿ, ದೀರ್ಘದ ಗೆರೆಯನ್ನು ಒಂದು ಕಡೆ ಹಾಕಿ ಇನ್ನೊಂದು ಕಡೆ ಬಿಟ್ಟರೆ ಬ್ಯಾಂಕು, ವಿಮೆಗಳಲ್ಲಿ ಹೆಸರು ತಾಳೆಯಾಗದೆ ಅಲೆದಾಡಬೇಕಾಗುತ್ತದೆ. ಬರೆದ ಅರ್ಜಿಯ ಫೋಟೋ ತೆಗೆದಿಟ್ಟುಕೊಳ್ಳಿ. ಇಂಗ್ಲಿಷ್ ಕಾಗುಣಿತವನ್ನೂ ಈಗಲೇ ಗಟ್ಟಿಮಾಡಿಕೊಳ್ಳಿ, ಮುಂದೆ ಪಾಸ್‌ಪೋರ್ಟಿನಲ್ಲಿ ಅದೇ ಇರಲಿ.

ಜನನ ನೋಂದಣಿಯ ಪ್ರಮಾಣಪತ್ರ, ಮನೆಯವರೆಲ್ಲರ ಹೆಸರಿರುವ ಜೂಮಿನ್‌ಹ್ಯೋ (ನಿವಾಸಪತ್ರ) ಅದೇ ದಿನ ಕೇಳಿ. ಮಕ್ಕಳ ಭತ್ಯೆಗೂ ಅಲ್ಲೇ ಅರ್ಜಿ ಹಾಕಿ: ಮೂರು ವರ್ಷ ತುಂಬುವವರೆಗೆ, ಮೊದಲ ಎರಡು ಮಕ್ಕಳಿಗೆ ತಿಂಗಳಿಗೆ ತಲಾ 15,000 ಯೆನ್. ಹುಟ್ಟಿದ ಮರುದಿನದಿಂದ 15 ದಿನ ಮೀರಿದರೆ ತಡವಾದ ತಿಂಗಳ ಹಣ ಕೈತಪ್ಪಬಹುದು.

ಇನ್ನು ವೀಸಾ. ಹುಟ್ಟಿದ 30 ದಿನದೊಳಗೆ ವಲಸೆ ಕಚೇರಿಗೆ ಅರ್ಜಿ ಹೋಗಬೇಕು. ಪಾಸ್‌ಪೋರ್ಟ್ ಬರಲೆಂದು ಕಾದು ಈ ಗಡುವು ಕಳೆದುಕೊಳ್ಳುವವರಿದ್ದಾರೆ. ದಯವಿಟ್ಟು ಹಾಗೆ ಮಾಡಬೇಡಿ. ಮಗುವಿನ ಪಾಸ್‌ಪೋರ್ಟ್ ಇಲ್ಲದೆಯೂ ಅರ್ಜಿ ತೆಗೆದುಕೊಳ್ಳುತ್ತಾರೆ, ಶುಲ್ಕವಿಲ್ಲ. ಮೇಲಿನ ಎರಡು ಕಾಗದಗಳ ಜೊತೆಗೆ ನಿಮ್ಮ ಉದ್ಯೋಗ ಪತ್ರ, ತೆರಿಗೆ ಪತ್ರ, ರೆಸಿಡೆನ್ಸ್ ಕಾರ್ಡ್ ಒಯ್ಯಿರಿ. ಮಗು ವೀಸಾ ಇಲ್ಲದೆ ಇರಬಹುದಾದದ್ದು 60 ದಿನ ಮಾತ್ರ. ಅರ್ಜಿಯೇ ಹಾಕದೆ ಅದು ದಾಟಿದರೆ ನಿವಾಸಪತ್ರದಿಂದ ಹೆಸರು ತೆಗೆಯುತ್ತಾರೆ, ವಿಮೆಗೂ ಕುತ್ತು ಬರುತ್ತದೆ.

ಭಾರತೀಯ ರಾಯಭಾರ ಕಚೇರಿಯಲ್ಲಿ ಜನನ ದಾಖಲಿಸಲು ಒಂದು ವರ್ಷವಿದೆ. ಪಾಸ್‌ಪೋರ್ಟ್ ಕೆಲಸವನ್ನು ವೀಸಾ ಅರ್ಜಿಯ ಬೆನ್ನಿಗೇ ಶುರುಮಾಡಿ. ಆರೋಗ್ಯ ವಿಮೆಗೆ ನಿಮ್ಮ ಕಂಪನಿಗೆ ಇವತ್ತೇ ತಿಳಿಸಿ. ಅದು ಸಿಗುವ ಮುನ್ನ ಆಸ್ಪತ್ರೆಗೆ ಹೋಗಬೇಕಾಗಿ ಬಂದರೆ ಪೂರ್ತಿ ಹಣ ಕಟ್ಟಿ, ರಸೀದಿ ಜೋಪಾನವಾಗಿಡಿ. ಆಮೇಲೆ ವಾಪಸು ಕೇಳಬಹುದು.