ಬೆಂಗಳೂರಿಗೆ ಬರುವ ಮುಂಚೆ ಬೀದಿ ನೋಡಿ

(ದಾವಣಗೆರೆಯ ಓದುಗರೊಬ್ಬರ ಪತ್ರದ ಸಾರ: ಯಜಮಾನರಿಗೆ ವೈಟ್‌ಫೀಲ್ಡಿನ ಐಟಿಪಿಎಲ್ (ಐಟಿ ಪಾರ್ಕ್) ಬಳಿಯ ಕಚೇರಿಗೆ ವರ್ಗವಾಗಿದೆ, ವಾರಕ್ಕೆ ಮೂರು ದಿನ ಹೋದರೆ ಸಾಕು. ಮನೆಯಲ್ಲಿ ಎಪ್ಪತ್ತು ದಾಟಿದ ಅತ್ತೆ, ಒಂಬತ್ತನೇ ತರಗತಿ ಮತ್ತು ಮೂರನೇ ತರಗತಿಯಲ್ಲಿ ಓದುವ ಇಬ್ಬರು ಹೆಣ್ಣುಮಕ್ಕಳು. ಕೆಂಗೇರಿ, ಯಲಹಂಕ, ವೈಟ್‌ಫೀಲ್ಡ್, ಸರ್ಜಾಪುರ ರಸ್ತೆ, ಹೊಸಕೋಟೆ, ಇವುಗಳಲ್ಲಿ ನಮ್ಮಂಥ ಸಂಸಾರಕ್ಕೆ ಯಾವುದು ಸೇಫ್? ಗೇಟೆಡ್ ಕಮ್ಯುನಿಟಿ ಬಿಟ್ಟು ಬೇರೆ ಕಡೆ ಕಾಲಿಡಬೇಡಿ ಅನ್ನುತ್ತಾರೆ ನಮ್ಮವರು. ನೀವೇನಂತೀರಿ?)

ಮಾನ್ಯರೇ,

ನಿಮ್ಮವರ ಗೇಟೆಡ್ ಕಮ್ಯುನಿಟಿ ಮಾತಿನಿಂದಲೇ ಶುರು ಮಾಡುತ್ತೇನೆ. ಗೇಟು, ಸೆಕ್ಯುರಿಟಿ, ಕ್ಯಾಮೆರಾ ಇದ್ದ ಕಡೆ ಕಳ್ಳರ ಕಾಟ ಕಡಿಮೆ, ಒಪ್ಪೋಣ. ಆದರೆ 2022ರ ಸೆಪ್ಟೆಂಬರಿನಲ್ಲಿ ಸರ್ಜಾಪುರ ರಸ್ತೆಯ ವಿಲ್ಲಾಗಳಿಂದ ಜನ ಟ್ರ್ಯಾಕ್ಟರ್ ಹತ್ತಿ ಹೊರಬಂದದ್ದನ್ನು ನೀವೂ ಟೀವಿಯಲ್ಲಿ ನೋಡಿರುತ್ತೀರಿ. ಯಲಹಂಕದ ಕೇಂದ್ರೀಯ ವಿಹಾರ ಅಪಾರ್ಟ್‌ಮೆಂಟಿಗೆ 2021ರ ನವೆಂಬರಿನಲ್ಲಿ ಕೆರೆ ನೀರು ನುಗ್ಗಿತು. 2024ರ ಅಕ್ಟೋಬರಿನಲ್ಲಿ ಮತ್ತೆ ಅದೇ ಕತೆ, ನಿವಾಸಿಗಳನ್ನು ದೋಣಿಯಲ್ಲಿ ಕರೆತರಬೇಕಾಯಿತು. ಕೆರೆ ಕೋಡಿ ಬಿದ್ದ ಮೇಲೆ ಸೆಕ್ಯುರಿಟಿಯವನು ಯಾರ ಹತ್ತಿರ ಎಂಟ್ರಿ ಬರೆಸಿಕೊಳ್ಳಬೇಕು?

ನೀವು ಹೆದರಿರುವುದು ಕಳ್ಳಕಾಕರಿಗೆ, ಪುಂಡರಿಗೆ. ಅದು ಸಹಜ. ಆದರೆ ಬೆಂಗಳೂರಿನಲ್ಲಿ ವರ್ಷಕ್ಕೆ ಕೊಲೆಯಾಗಿ ಸಾಯುವವರಿಗಿಂತ ರಸ್ತೆಯಲ್ಲಿ ಸಾಯುವವರು ಹಲವು ಪಟ್ಟು ಹೆಚ್ಚು. ಅವರಲ್ಲಿ ದೊಡ್ಡ ಪಾಲು ದ್ವಿಚಕ್ರ ವಾಹನದವರದು ಮತ್ತು ನಡೆದು ಹೋಗುವವರದು. 2023ರ ನವೆಂಬರಿನಲ್ಲಿ ವೈಟ್‌ಫೀಲ್ಡಿನ ಹೋಪ್ ಫಾರ್ಮ್ ಬಳಿ ಫುಟ್‌ಪಾತ್ ಮೇಲೆ ಬಿದ್ದಿದ್ದ ವಿದ್ಯುತ್ ತಂತಿ ತುಳಿದು ಒಬ್ಬ ತಾಯಿ, ಆಕೆಯ ಹಸುಗೂಸು ಇಬ್ಬರೂ ಸ್ಥಳದಲ್ಲೇ ತೀರಿಕೊಂಡರು. ಗಾಜಿನ ಕಟ್ಟಡಗಳ ಏರಿಯಾ ಅದು. ಹಾಗಾಗಿ ಯಾವ ಏರಿಯಾ ಒಳ್ಳೆಯದು ಎಂದು ಕೇಳಿದರೆ ನನ್ನಿಂದ ಉಪಯೋಗದ ಉತ್ತರ ಹೊರಡುವುದಿಲ್ಲ. ನಿಮ್ಮ ದೊಡ್ಡ ಮಗಳು ಟ್ಯೂಷನ್ ಮುಗಿಸಿ ರಾತ್ರಿ ಎಂಟೂವರೆಗೆ ಯಾವ ಬೀದಿಯಲ್ಲಿ ನಡೆದು ಬರುತ್ತಾಳೆ, ಅತ್ತೆಯವರು ಬೆಳಿಗ್ಗೆ ಹಾಲು ತರಲು ಯಾವ ರಸ್ತೆ ದಾಟಬೇಕು, ಇದನ್ನು ಹೇಳಿ, ಆಮೇಲೆ ಮಾತಾಡೋಣ.

ಆದರೂ ಪಟ್ಟಿ ಕಳಿಸಿದ್ದೀರಿ, ಜಾರಿಕೊಳ್ಳುವುದು ಸರಿಯಲ್ಲ. ಹೊಸಕೋಟೆಯನ್ನು ಸದ್ಯಕ್ಕೆ ಕೈಬಿಡಿ. ಅಲ್ಲಿಗೆ ಮೆಟ್ರೊ ಇಲ್ಲ, ಹೆದ್ದಾರಿಯನ್ನೇ ನಂಬಿಕೊಳ್ಳಬೇಕು. ಸರ್ಜಾಪುರ ರಸ್ತೆಯೂ ಬೇಡ. ವೈಟ್‌ಫೀಲ್ಡ್ ಕಚೇರಿಗೆ ಹತ್ತಿರ ನಿಜ, ಆದರೆ ಬಾಡಿಗೆ ದುಬಾರಿ. ಆ ಭಾಗದ ಎಷ್ಟೋ ಹಳ್ಳಿಗಳು ನಗರದ ಲೆಕ್ಕಕ್ಕೆ ಸೇರಿದ್ದು 2007ರಲ್ಲಿ. ಅಲ್ಲಿಂದ ಹದಿನೇಳು ವರ್ಷ ಹೆಚ್ಚಿನವರು ಬದುಕಿದ್ದು ಬೋರ್‌ವೆಲ್ ಮತ್ತು ಟ್ಯಾಂಕರ್ ನೀರಿನಲ್ಲಿ. ಅಂಥ 110 ಹಳ್ಳಿಗಳಿಗೆಂದು ಕಾವೇರಿ ಐದನೇ ಹಂತ ಉದ್ಘಾಟನೆಯಾದದ್ದು 2024ರ ಅಕ್ಟೋಬರಿನಲ್ಲಿ, ದಿನಕ್ಕೆ 775 ದಶಲಕ್ಷ ಲೀಟರ್ ಯೋಜನೆ. ಯೋಜನೆ ಊರಿಗೆ ಬಂದಿದೆ. ನೀವು ನೋಡುವ ಮನೆಯ ಸಂಪ್‌ಗೆ, ಅಂದರೆ ನೆಲದಡಿಯ ನೀರಿನ ತೊಟ್ಟಿಗೆ, ಬಂದಿದೆಯೋ ಇಲ್ಲವೋ ಪಕ್ಕದ ಮನೆಯವರನ್ನು ಕೇಳಿ. ಬ್ರೋಕರ್ ಮಾತ್ರ ಬಂದಿದೆ ಎಂದೇ ಹೇಳುತ್ತಾನೆ.

ಉಳಿದದ್ದು ಕೆಂಗೇರಿ ಉಪನಗರ ಮತ್ತು ಯಲಹಂಕ ಉಪನಗರ. ಎರಡೂ ಹಳೆಯ ಬಡಾವಣೆಗಳು, ನಕ್ಷೆ ಹಾಕಿ ಆಮೇಲೆ ಮನೆ ಕಟ್ಟಿದಂಥವು. ರಸ್ತೆಗೆ ಅಗಲವಿದೆ, ಪಾರ್ಕಿದೆ, ನಡೆದು ಹೋಗುವಷ್ಟು ದೂರದಲ್ಲಿ ಶಾಲೆ, ಮಾರ್ಕೆಟ್ಟು, ದೇವಸ್ಥಾನ ಇವೆ. ನನ್ನನ್ನು ಕೇಳಿದರೆ ಕೆಂಗೇರಿ. ಕಾರಣ ಮೆಟ್ರೊ. ನೇರಳೆ ಮಾರ್ಗ 2023ರ ಅಕ್ಟೋಬರಿನಿಂದ ಚಲ್ಲಘಟ್ಟದಿಂದ ವೈಟ್‌ಫೀಲ್ಡಿನವರೆಗೆ ಒಂದೇ ರೈಲು, 43 ಕಿಲೋಮೀಟರ್, 37 ನಿಲ್ದಾಣ, ಎಲ್ಲೂ ಬದಲಾಯಿಸಬೇಕಿಲ್ಲ. ಕೆಂಗೇರಿಯಲ್ಲಿ ಹತ್ತಿದರೆ ಕೂರಲು ಸೀಟೂ ಸಿಕ್ಕೀತು. ಮನೆ ಬಾಗಿಲಿಂದ ಕಚೇರಿಗೆ ಒಂದೂವರೆ ಗಂಟೆ ಎಂದೇ ಲೆಕ್ಕ ಹಿಡಿಯಿರಿ. ಜಾಸ್ತಿಯೇ. ಆದರೆ ವಾರಕ್ಕೆ ಮೂರು ದಿನ ತಾನೆ? ಮನೆಯಲ್ಲಿ ಒಬ್ಬರು ದೂರ ಓಡಾಡಲೇಬೇಕು ಎಂದಾದರೆ ಅದು ಯಜಮಾನರ ಪಾಲಿಗೇ ಇರಲಿ, ಮಕ್ಕಳ ಪಾಲಿಗೆ ಸ್ಕೂಲ್ ವ್ಯಾನಿನ ಎರಡು ಗಂಟೆ ಬೇಡ. ಊರಿಗೆ ಹೋಗಬೇಕೆನಿಸಿದಾಗ ಅದೇ ಮೆಟ್ರೊದಲ್ಲಿ ಮೆಜೆಸ್ಟಿಕ್ಕಿಗೆ ಬಂದು ರೈಲು ಹಿಡಿಯಬಹುದು, ಇದು ಅತ್ತೆಯವರಿಗೆ ಇಷ್ಟವಾದೀತು.

ಕೆಂಗೇರಿ ಸ್ವರ್ಗವೇನಲ್ಲ. ವೃಷಭಾವತಿ ಹೆಸರಿಗೆ ನದಿ, ಹರಿಯುವುದು ಕೊಳಚೆ. ಅದರ ಹತ್ತಿರದ ಓಣಿಗಳಲ್ಲಿ ಸಂಜೆ ಕಿಟಕಿ ತೆರೆಯಲು ಮನಸ್ಸಾಗುವುದಿಲ್ಲ. ಅತ್ತ ಮನೆ ನೋಡಲೇಬೇಡಿ. ಮೈಸೂರು ರಸ್ತೆಯ ಆ ಬದಿಗೆ ಶಾಲೆ, ಈ ಬದಿಗೆ ಮನೆ ಆಗದಂತೆಯೂ ನೋಡಿಕೊಳ್ಳಿ.

ಮನೆ ನೋಡಲು ಭಾನುವಾರ ಹನ್ನೊಂದು ಗಂಟೆಗೆ ಬರುವುದು ಎಲ್ಲರ ರೂಢಿ. ಆ ಹೊತ್ತಿನಲ್ಲಿ ಎಲ್ಲ ಬೀದಿಯೂ ಸಾಧುವೇ. ವಾರದ ದಿನ ರಾತ್ರಿ ಒಂಬತ್ತಕ್ಕೆ ಹೋಗಿ, ಬಸ್ ಸ್ಟಾಪಿನಿಂದ ಮನೆಯವರೆಗೆ ಇಬ್ಬರೂ ನಡೆಯಿರಿ. ಬೀದಿದೀಪ ಎಷ್ಟು ಉರಿಯುತ್ತಿವೆ? ತೆರೆದ ಅಂಗಡಿ ಇದೆಯೇ? ಇಸ್ತ್ರಿಯವನು, ಮೆಡಿಕಲ್ ಸ್ಟೋರಿನವನು, ನಂದಿನಿ ಬೂತಿನವರು, ಒಂಬತ್ತಾದರೂ ಜಗಲಿ ಮೇಲೆ ಕೂತು ಹೋಗಿಬರುವವರನ್ನೆಲ್ಲ ವಿಚಾರಿಸುವ ಒಬ್ಬ ಅಜ್ಜಿ, ಇಷ್ಟು ಜನ ಇರುವ ಓಣಿ ಹತ್ತು ಕ್ಯಾಮೆರಾ ಹಾಕಿದ ಖಾಲಿ ರಸ್ತೆಗಿಂತ ವಾಸಿ. ಆ ಅಜ್ಜಿಯ ವಿಚಾರಣೆ ನಿಮ್ಮ ದೊಡ್ಡ ಮಗಳಿಗೆ ಕಿರಿಕಿರಿ ಆಗುತ್ತದೆ, ಗೊತ್ತು. ಸಹಿಸಿಕೊಳ್ಳಲಿ.

ಆಮೇಲೆ ಕಾಂಪೌಂಡ್ ಗೋಡೆಯ ಬುಡ ನೋಡಿ. ಬೀದಿಯುದ್ದಕ್ಕೂ ಒಂದೇ ಎತ್ತರದಲ್ಲಿ ಮಣ್ಣಿನ ಬಣ್ಣದ ಗೆರೆ ಕಂಡರೆ ನೀರು ನಿಂತ ಗುರುತು. ಪಾರ್ಕಿಂಗ್ ಬಾಗಿಲಿಗೆ ಅಡ್ಡಲಾಗಿ ಹೊಸದಾಗಿ ಕಟ್ಟಿದ ಸಿಮೆಂಟ್ ದಿಂಡು, ಮೂಲೆಯಲ್ಲಿ ಒಟ್ಟಿದ ಮರಳಿನ ಮೂಟೆ, ನೆಲಮಾಳಿಗೆಯಲ್ಲಿ ಸಿದ್ಧವಾಗಿಟ್ಟ ಪಂಪ್‌ಸೆಟ್ಟು, ಇವುಗಳಲ್ಲಿ ಒಂದು ಕಂಡರೂ ಓನರ್ ಹೇಳದ ಕತೆ ತಿಳಿದಂತೆಯೇ. ಸರಕಾರದ ದಿಶಾಂಕ್ ಆ್ಯಪ್ ಮೊಬೈಲಿಗೆ ಹಾಕಿಕೊಂಡರೆ ನೀವು ನಿಂತ ಜಾಗದ ಸರ್ವೆ ನಂಬರು ತೋರಿಸುತ್ತದೆ. ಆ ನಂಬರು ಹಿಡಿದು ಹೊರಟರೆ ಕೆರೆಯಂಗಳವೋ ರಾಜಕಾಲುವೆಯ ಪಕ್ಕವೋ ಗೊತ್ತಾಗುತ್ತದೆ. ಬಾಡಿಗೆಯವರಿಗೆ ಇದೆಲ್ಲ ಯಾಕೆ ಅನ್ನಬೇಡಿ. ನೀರು ಖಾತೆ ನೋಡಿ ನುಗ್ಗುವುದಿಲ್ಲ.

ಹೌದು, ಬಾಡಿಗೆಗೇ ಬನ್ನಿ. ದಾವಣಗೆರೆಯ ಮನೆ ಮಾರಿ ಇಲ್ಲಿ ಫ್ಲ್ಯಾಟ್ ಕೊಳ್ಳುವ ಯೋಚನೆ ಪತ್ರದ ಕೊನೆಯಲ್ಲಿ ಸಣ್ಣದಾಗಿ ಬರೆದಿದ್ದೀರಿ. ಒಂದು ಮಳೆಗಾಲ, ಒಂದು ಬೇಸಿಗೆ ಕಳೆಯಲಿ. ಆಮೇಲೆ ಇ-ಖಾತಾ (ಆಸ್ತಿಯ ಡಿಜಿಟಲ್ ದಾಖಲೆ), ಒಸಿ (ಕಟ್ಟಡದಲ್ಲಿ ವಾಸಿಸಲು ಕೊಡುವ ಅನುಮತಿ ಪತ್ರ) ಎಲ್ಲ ವಕೀಲರಿಗೆ ತೋರಿಸಿ ಮುಂದುವರಿಯಿರಿ.

ದೊಡ್ಡವಳು ಒಂಬತ್ತರಲ್ಲಿದ್ದಾಳೆ. ವರ್ಷದ ಮಧ್ಯೆ ಕಿತ್ತು ತರಬೇಡಿ. ಮಾರ್ಚ್ ಪರೀಕ್ಷೆ ಮುಗಿಸಿ, ಏಪ್ರಿಲಿನಲ್ಲಿ ಟಿಸಿ ತೆಗೆದುಕೊಂಡು, ಮೇ ಕೊನೆಗೆ ಶಾಲೆ ತೆರೆಯುವಷ್ಟರಲ್ಲಿ ಇಲ್ಲಿರಿ. ಅಲ್ಲಿಯವರೆಗೆ ಯಜಮಾನರು ಪಿಜಿಯಲ್ಲಿ ಇರಲಿ, ಬಿಡುವಾದ ಸಂಜೆಗಳಲ್ಲಿ ಕೆಂಗೇರಿಯ ಬೀದಿ ಸುತ್ತಲಿ. ಮೊದಲು ಶಾಲೆ ಗೊತ್ತು ಮಾಡಿ, ಅದರ ಸುತ್ತ ನಡೆಯುವಷ್ಟು ದೂರದಲ್ಲಿ ಮನೆ ಹುಡುಕಿ.

ಹತ್ತು ತಿಂಗಳ ಅಡ್ವಾನ್ಸ್ ಕೇಳುವವರು ಇನ್ನೂ ಇದ್ದಾರೆ. ಚೌಕಾಶಿ ಮಾಡಿ, ಇಳಿಸುತ್ತಾರೆ. ಕೊಡುವ ಮೊದಲು ಅಗ್ರಿಮೆಂಟಿನಲ್ಲಿ ಎರಡು ಸಾಲು ಸೇರಿಸಲು ಹೇಳಿ: ಬೇಸಿಗೆಯಲ್ಲಿ ಟ್ಯಾಂಕರ್ ತರಿಸಿದರೆ ದುಡ್ಡು ಯಾರದು, ಮನೆಯೊಳಗೆ ನೀರು ನುಗ್ಗಿ ಬಿಡಬೇಕಾಗಿ ಬಂದರೆ ಅಡ್ವಾನ್ಸ್ ಎಷ್ಟು ದಿನದಲ್ಲಿ ವಾಪಸ್. ಎರಡನೆಯದನ್ನು ಬರೆಯಲು ಓನರ್ ಹಿಂದೆಮುಂದೆ ನೋಡಿದರೆ ಮುಂದಿನ ಮನೆಗೆ ನಡೆಯಿರಿ.

– ಸಂಪಾದಕ